ಸ್ಟೀರಿಂಗ್ ಮಾತು ಕೇಳುವ ತನಕ

ಗಂಟೆಗೆ 40 ಕಿ.ಮೀ. ವೇಗ. ಮುಂದೆ ಖಾಲಿ, ನೇರ ದಾರಿ. ಸ್ಟೀರಿಂಗ್ ವೀಲನ್ನು ಎರಡು ಬೆರಳಿನಷ್ಟು ಬಲಕ್ಕೆ ತಿರುಗಿಸಿದೆ. ಏನೂ ಆಗಲಿಲ್ಲ. ಇನ್ನೊಂದು ಬೆರಳಿನಷ್ಟು ತಿರುಗಿಸಿದೆ. ಕಾರು ಒಮ್ಮೆಲೇ ಬಲಕ್ಕೆ ನುಗ್ಗಿತು, ನಾನು ಕೇಳಿದ್ದಕ್ಕಿಂತ ಜಾಸ್ತಿ. ಗಾಬರಿಯಾಗಿ ಎಡಕ್ಕೆ ತಂದೆ. ಮತ್ತೆ ಅದೇ ಕಥೆ. ಮೊದಲು ಸುಮ್ಮನಿರುತ್ತದೆ, ಆಮೇಲೆ ಎಳೆಯುತ್ತದೆ. ಹೀಗೆ ಅರ್ಧ ಕಿ.ಮೀ. ಹೋಗಿ ನಿಲ್ಲಿಸಿದಾಗ ಅಂಗೈ ಪೂರ್ತಿ ಒದ್ದೆಯಾಗಿತ್ತು.

ನಾಲ್ಕು ವರ್ಷ ಕೈಯಾರೆ ಕಟ್ಟಿದ ಹಾಟ್ ರಾಡ್ ಅದು, ಅಂದರೆ ಹಳೇ ಕಾರಿನ ನಮೂನೆಯಲ್ಲಿ ನಮಗೆ ಬೇಕಾದ ಹಾಗೆ ಬದಲಾಯಿಸಿ ಕಟ್ಟಿಕೊಂಡ ಗಾಡಿ. ಚಾಸಿ 1932ರ ಫೋರ್ಡ್ ನಮೂನೆಯದು. ಎರಡು ಉದ್ದ ಕಂಬಿ, ನಡುವೆ ಅಡ್ಡಪಟ್ಟಿಗಳು. ಮುಂದೆ ಒಂದೇ ತುಂಡಿನ ಐ-ಬೀಮ್ ಆಕ್ಸಲ್ (ಅಡ್ಡ ಕೊಯ್ದರೆ I ಅಕ್ಷರದ ಹಾಗೆ ಕಾಣುವ ತೊಲೆ), ನಾಲ್ಕು ಇಂಚು ತಗ್ಗಿಸಿದ್ದು. ಅದರ ಮೇಲೆ ಅಡ್ಡಲಾಗಿ ಕೂತ ಒಂದೇ ಒಂದು ಎಲೆ ಸ್ಪ್ರಿಂಗ್. 1908ರ ಮಾಡೆಲ್ ಟಿ ಕಾರಿನಿಂದ ಹಿಡಿದು ನಾಲ್ಕು ದಶಕ ಫೋರ್ಡ್ ಬಿಡದೆ ಬಳಸಿದ ಜೋಡಣೆ ಇದು. ಎಂಜಿನ್ ಕೂರಿಸಿದಾಗ, ಬಾಡಿ ಕೂರಿಸಿದಾಗ, ಮೊದಲ ಸಲ ಸ್ಟಾರ್ಟ್ ಮಾಡಿದಾಗ ನನಗಾದ ಖುಷಿ ಹೇಳತೀರದು. ಆದರೆ ಸ್ಟೀರಿಂಗ್ ಮಾತು ಕೇಳದಿದ್ದರೆ ಅದೆಲ್ಲ ಇದ್ದೂ ಇಲ್ಲದ ಹಾಗೆ. ಆ ದಿನ ಕಾರನ್ನು ತಳ್ಳಿಕೊಂಡೇ ಶೆಡ್ಡಿಗೆ ತಂದೆ. ಓಡಿಸಿಕೊಂಡು ಬರಲು ಮನಸ್ಸು ಬರಲಿಲ್ಲ.

ಸ್ಟೀರಿಂಗ್‌ನಲ್ಲಿ ಪ್ಲೇ ಇದೆ, ಅಂದರೆ ವೀಲ್ ತಿರುಗಿದರೂ ಚಕ್ರ ತಿರುಗದ ಸಡಿಲ ಇದೆ ಅಂದರೆ, ಯಾರಿಗಾದರೂ ಮೊದಲು ಅನುಮಾನ ಬರುವುದು ಸ್ಟೀರಿಂಗ್ ಬಾಕ್ಸ್ ಮೇಲೆ, ವೀಲಿನ ತಿರುವನ್ನು ಚಕ್ರದ ಕಡೆಗೆ ದಾಟಿಸುವ ಹಲ್ಲುಗಳ ಪೆಟ್ಟಿಗೆ ಮೇಲೆ. ನನಗೂ ಹಾಗೇ ಆಯಿತು. ನನ್ನದು ಬಾಲ್‌ಗಳು ಸುತ್ತಿ ಬರುವ ಹಳೇ ಮಾದರಿಯ ಬಾಕ್ಸ್. 1970ರ ದಶಕದ ಶೆವ್ರೊಲೆ ವೇಗಾ ಕಾರಿನಲ್ಲಿ ಇದ್ದಂಥದ್ದು. ಗಾತ್ರದಲ್ಲಿ ಚಿಕ್ಕದು, ಚಾಸಿಯ ಪಕ್ಕದಲ್ಲಿ ಚೆನ್ನಾಗಿ ಕೂರುತ್ತದೆ. ಅದಕ್ಕೇ ಹಾಟ್ ರಾಡ್ ಕಟ್ಟುವವರಿಗೆ ಇಷ್ಟ. ಇಂಥ ಬಾಕ್ಸ್‌ನ ಮೇಲ್ಮುಚ್ಚಳದಲ್ಲಿ ಒಂದು ಸ್ಕ್ರೂ ಇರುತ್ತದೆ. ಬಿಗಿ ಮಾಡಿದರೆ ಒಳಗಿನ ಹಲ್ಲುಗಳು ಹತ್ತಿರ ಬರುತ್ತವೆ, ಪ್ಲೇ ಕಡಿಮೆಯಾಗುತ್ತದೆ. ಕಾಲು ಸುತ್ತು ಬಿಗಿ ಮಾಡಿದೆ. ವ್ಯತ್ಯಾಸ ಕಾಣಲಿಲ್ಲ. ಇನ್ನೊಂದು ಕಾಲು ಸುತ್ತು. ಈಗ ವೀಲ್ ನಡುವಿಗೆ ಬಂದಾಗ ಗಟ್ಟಿಯಾಗಿ ಹಿಡಿಯತೊಡಗಿತು. ತಿರುವು ಮುಗಿದ ಮೇಲೆ ತಾನಾಗಿ ನೇರಕ್ಕೆ ಬರುತ್ತಿದ್ದ ಸ್ವಲ್ಪ ಗುಣವೂ ಹೋಯಿತು. ಕಾರು ಮೊದಲಿಗಿಂತ ಕೆಟ್ಟದಾಗಿ ಅಲೆಯಿತು.

ನನಗೆ ಪರಿಚಯದ ಹಿರಿಯರೊಬ್ಬರಿದ್ದಾರೆ. ಲಾರಿಗಳ ಅಡಿಯಲ್ಲೇ ಬದುಕು ಕಳೆದವರು. ಅವರನ್ನು ಕರೆದೆ. ಬಂದವರು ಬಾನೆಟ್ ತೆಗೆಸಲಿಲ್ಲ, ಸ್ಪ್ಯಾನರ್ ಕೇಳಲಿಲ್ಲ. "ನೀನು ಒಳಗೆ ಕೂತು ವೀಲನ್ನು ಎಡ ಬಲ ಅಲ್ಲಾಡಿಸು, ಎಂಜಿನ್ ಬೇಡ" ಅಂದರು. ಕಾರಿನ ಮುಂದೆ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತರು. ನಾನು ಅಲ್ಲಾಡಿಸಿದೆ. ಒಂದೆರಡು ನಿಮಿಷ ನೋಡಿ, ನನ್ನನ್ನು ಕೆಳಗಿಳಿಸಿ, ತಾವು ಒಳಗೆ ಕೂತರು. ಈಗ ನೋಡುವ ಸರದಿ ನನ್ನದು.

ಚಕ್ರಗಳು ನೆಲಕ್ಕೆ ಅಂಟಿಕೊಂಡು ನಿಂತಿದ್ದವು. ಸ್ವಲ್ಪವೂ ತಿರುಗುತ್ತಿರಲಿಲ್ಲ. ಅಲುಗಾಡುತ್ತಿದ್ದದ್ದು ಚಾಸಿ. ರೇಡಿಯೇಟರ್, ದೀಪಗಳು, ಇಡೀ ಮೂತಿ ಎಡಕ್ಕೂ ಬಲಕ್ಕೂ ತೊಟ್ಟಿಲಿನ ಹಾಗೆ ತೂಗುತ್ತಿತ್ತು. ಚಾಸಿಯ ತೂಗಾಟ ಮುಗಿದ ಮೇಲಷ್ಟೇ ಚಕ್ರ ತಿರುಗಲು ಶುರು.

"ನಿನ್ನ ಬಾಕ್ಸ್ ಸರಿಯಾಗೇ ಇದೆ. ಆ ಸ್ಕ್ರೂ ಮೊದಲು ಸಡಿಲ ಮಾಡು" ಅಂದರು.

ಯಾಕೆ ಹೀಗೆ ಅಂತ ಆಮೇಲೆ ಬಿಡಿಸಿ ಹೇಳಿದರು. ನಾನು ಮಾಡಿದ್ದು ಕ್ರಾಸ್ ಸ್ಟೀರ್. ಬಾಕ್ಸ್ ಚಾಲಕನ ಕಡೆಯ ಕಂಬಿಯಲ್ಲಿ ಇರುತ್ತದೆ. ಅದರಿಂದ ಹೊರಟ ಡ್ರ್ಯಾಗ್ ಲಿಂಕ್ ಅನ್ನುವ ಸರಳು ಕಾರಿನ ಅಡ್ಡಕ್ಕೆ ಹೋಗಿ, ಆಚೆ ಕಡೆಯ ಚಕ್ರವನ್ನು ತಿರುಗಿಸುವ ಸ್ಟೀರಿಂಗ್ ಆರ್ಮ್ ಹಿಡಿಯುತ್ತದೆ. ಅಲ್ಲಿಂದ ಟೈ ರಾಡ್ ಅನ್ನುವ ಇನ್ನೊಂದು ಸರಳು ಎರಡೂ ಚಕ್ರಗಳನ್ನು ಜೋಡಿಸುತ್ತದೆ. ಅಂದರೆ ನಾನು ವೀಲ್ ತಿರುಗಿಸಿದಾಗ ಆ ಲಿಂಕ್ ಆಕ್ಸಲನ್ನು ಪಕ್ಕಕ್ಕೆ ತಳ್ಳುತ್ತದೆ. ಆಕ್ಸಲನ್ನು ಪಕ್ಕಕ್ಕೆ ಹೋಗದ ಹಾಗೆ ಹಿಡಿದಿರುವುದು ಏನು? ಅಡ್ಡ ಸ್ಪ್ರಿಂಗ್. ಆ ಸ್ಪ್ರಿಂಗಿನ ಎರಡೂ ತುದಿಗಳು ಶ್ಯಾಕಲ್ ಅನ್ನುವ ಕೊಂಡಿಗಳಲ್ಲಿ ನೇತಾಡುತ್ತಿವೆ. ಶ್ಯಾಕಲ್ ಇರುವುದೇ ಓಲಾಡಲು. ಸ್ಪ್ರಿಂಗ್ ಚಪ್ಪಟೆಯಾದಾಗ ಅದರ ಉದ್ದ ಬದಲಾಗುತ್ತದೆ, ಅದಕ್ಕೆ ಜಾಗ ಕೊಡಲು. ಉಯ್ಯಾಲೆಯ ಮೇಲೆ ಕೂತವನು ಪಕ್ಕದ ಗೋಡೆ ತಳ್ಳಿದರೆ ಗೋಡೆ ಸರಿಯುತ್ತದಾ? ಅವನೇ ಸರಿಯುತ್ತಾನೆ. ನನ್ನ ಚಾಸಿಗೂ ಆಗಿದ್ದು ಅದೇ.

1932ರ ಮೂಲ ಫೋರ್ಡ್‌ನಲ್ಲಿ ಈ ಕಾಯಿಲೆ ಇರಲಿಲ್ಲ. ಅದರಲ್ಲಿ ಡ್ರ್ಯಾಗ್ ಲಿಂಕ್ ಹಿಂದಿನಿಂದ ಮುಂದಕ್ಕೆ, ಚಾಸಿಯ ಉದ್ದಕ್ಕೆ ಓಡುತ್ತಿತ್ತು. ತಳ್ಳುವುದೆಲ್ಲ ಹಿಂದೆ ಮುಂದೆ. ಆ ದಿಕ್ಕಿನಲ್ಲಿ ಆಕ್ಸಲನ್ನು ವಿಶ್‌ಬೋನ್, ಅಂದರೆ ಆಕ್ಸಲ್‌ನಿಂದ ಹಿಂದಕ್ಕೆ ಹೋಗುವ V ಆಕಾರದ ಸರಳು, ಗಟ್ಟಿಯಾಗಿ ಹಿಡಿದಿರುತ್ತಿತ್ತು. ನಾನು ಹೊಸ ಬಾಕ್ಸ್ ತಂದು ಲಿಂಕನ್ನು ಅಡ್ಡ ತಿರುಗಿಸಿದೆ. ಬಲ ಬರುವ ದಿಕ್ಕು ಬದಲಾಯಿತು. ಆ ದಿಕ್ಕಿಗೆ ತಡೆಯುವ ಕೈ ಇಲ್ಲ ಅನ್ನುವುದು ನನ್ನ ತಲೆಗೆ ಬಂದಿರಲಿಲ್ಲ. ಒಂದು ಭಾಗ ಬದಲಾಯಿಸಿದರೆ ಅದು ಯಾರ ಮೇಲೆ ಭಾರ ಹಾಕುತ್ತದೆ ಅಂತ ನೋಡಬೇಕು. ನಾನು ಬಾಕ್ಸ್ ಹಿಡಿಯುತ್ತದಾ ಅಂತ ಮಾತ್ರ ನೋಡಿದ್ದೆ.

ಬಾಕ್ಸನ್ನು ಮೊದಲಿನ ಸ್ಥಿತಿಗೆ ತಂದೆ. ಡ್ರ್ಯಾಗ್ ಲಿಂಕ್ ಬಿಚ್ಚಿ, ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಎಷ್ಟು ಸುತ್ತು ಅಂತ ಎಣಿಸಿ, ಸರಿಯಾಗಿ ಅರ್ಧಕ್ಕೆ ತಂದು ನಿಲ್ಲಿಸಿದೆ. ಆಗ ಇನ್ನೊಂದು ತಪ್ಪು ಸಿಕ್ಕಿತು. ಚಕ್ರ ನೇರ ಇದ್ದಾಗ ನನ್ನ ಬಾಕ್ಸ್ ತನ್ನ ನಡುವಿನಲ್ಲಿ ಇರಲೇ ಇಲ್ಲ. ಕಾಲು ಸುತ್ತಿಗಿಂತ ಜಾಸ್ತಿ ಪಕ್ಕದಲ್ಲಿತ್ತು. ಈ ನಮೂನೆಯ ಬಾಕ್ಸ್‌ಗಳಲ್ಲಿ ಹಲ್ಲುಗಳನ್ನು ನಡುವಿನಲ್ಲಿ ಅತಿ ಬಿಗಿಯಾಗಿ, ಅಂಚಿಗೆ ಹೋದಂತೆ ಸಡಿಲವಾಗಿ ಕೂರುವ ಹಾಗೆ ಮಾಡಿರುತ್ತಾರೆ. ನೇರ ಓಡುವಾಗ ಪ್ಲೇ ಇರಬಾರದು, ತಿರುಗುವಾಗ ಸ್ವಲ್ಪ ಇದ್ದರೂ ನಡೆಯುತ್ತದೆ ಅಂತ. ನಾನು ನೇರ ಓಡುವಾಗಲೇ ಆ ಸಡಿಲ ಜಾಗದಲ್ಲಿದ್ದೆ. ಅಲ್ಲಿ ಸ್ಕ್ರೂ ಬಿಗಿ ಮಾಡಿದ್ದರಿಂದ ನಡುವಿನಲ್ಲಿ ಹಲ್ಲುಗಳು ಕಚ್ಚಿ ಹಿಡಿದವು. ಲಿಂಕ್‌ನ ಉದ್ದ ಸರಿಪಡಿಸಿ, ವೀಲನ್ನು ಕಿತ್ತು ನೇರಕ್ಕೆ ಹಾಕಿದೆ. ಈ ಒಂದು ಕೆಲಸಕ್ಕೆ ಹಿಡಿದದ್ದು ಒಂದು ಸಂಜೆ. ಮೊದಲೇ ಮಾಡಿದ್ದರೆ ಎಷ್ಟು ದಿನ ಉಳಿಯುತ್ತಿತ್ತು, ಅಲ್ವಾ?

ಇನ್ನು ತೂಗಾಟ ನಿಲ್ಲಿಸಬೇಕು. ಅದಕ್ಕೆ ಮದ್ದು ಪ್ಯಾನಾರ್ಡ್ ಬಾರ್. ಫ್ರಾನ್ಸಿನ ಹಳೆಯ ಕಾರು ಕಂಪನಿಯ ಹೆಸರು ಹೊತ್ತ ಒಂದು ಸರಳ ಸರಳು. ಒಂದು ತುದಿ ಚಾಸಿಗೆ, ಇನ್ನೊಂದು ತುದಿ ಆಕ್ಸಲ್‌ಗೆ. ಆಕ್ಸಲ್ ಮೇಲೆ ಕೆಳಗೆ ಹೋಗಬಹುದು, ಪಕ್ಕಕ್ಕೆ ಹೋಗುವ ಹಾಗಿಲ್ಲ. ಸುಲಭ ಅಂದುಕೊಂಡೆ. ಜಾಗ ಎಲ್ಲಿದೆ ನೋಡಿದೆ. ಆಚೆ ಕಡೆಯ ಕಂಬಿಯ ಹತ್ತಿರ ಖಾಲಿ ಇತ್ತು, ಅಲ್ಲಿ ಚಾಸಿಗೆ ಬ್ರಾಕೆಟ್ ವೆಲ್ಡ್ ಮಾಡಿದೆ. ಚಾಲಕನ ಕಡೆ ಆಕ್ಸಲ್‌ಗೆ ಇನ್ನೊಂದು ಬ್ರಾಕೆಟ್ ಬಿಗಿದೆ. ಸರಳಿನ ಉದ್ದ 42 ಸೆಂ.ಮೀ. ಆಯಿತು. ವೀಲ್ ಅಲ್ಲಾಡಿಸಿದೆ. ಮೂತಿ ಅಲುಗಲಿಲ್ಲ, ಚಕ್ರ ತಿರುಗಿತು! ಆ ರಾತ್ರಿ ನೆಮ್ಮದಿಯಿಂದ ಮಲಗಿದೆ.

ಮಾರನೇ ದಿನ ಓಡಿಸಿದರೆ ಹೊಸ ಕಾಯಿಲೆ. ನುಣುಪು ದಾರಿಯಲ್ಲಿ ಚೆನ್ನಾಗಿ ಹೋಗುತ್ತದೆ. ಒಂದು ತಗ್ಗು ಅಥವಾ ಉಬ್ಬು ಬಂದರೆ ಸಾಕು, ಕಾರು ತಾನಾಗಿ ಪಕ್ಕಕ್ಕೆ ಹಾರುತ್ತದೆ. ನಾನು ವೀಲ್ ಗಟ್ಟಿಯಾಗಿ ಹಿಡಿದಿದ್ದೇನೆ. ಆದರೂ ಚಕ್ರ ತಿರುಗುತ್ತಿದೆ. ಇದಕ್ಕೆ ಬಂಪ್ ಸ್ಟೀರ್ ಅನ್ನುತ್ತಾರೆ. ಹೆಸರು ಕೇಳಿದ್ದೆ. ಅದು ಏನು ಅಂತ ಅರ್ಥವಾಗಿದ್ದು ಅದನ್ನು ನೆಲದ ಮೇಲೆ ಬರೆದು ನೋಡಿದಾಗ.

ನನ್ನ ಮಗಳಿಗೆ ಆಗ ಹನ್ನೆರಡು ವರ್ಷ. ಶಾಲೆಯಲ್ಲಿ ಕೈವಾರ ಹಿಡಿದು ಕಂಸ ಎಳೆಯುವ ಪಾಠ ನಡೆಯುತ್ತಿತ್ತು. ಶೆಡ್ಡಿನ ನೆಲದ ಮೇಲೆ ಸೀಮೆಸುಣ್ಣದಿಂದ ಕಾರಿನ ಮುಂಭಾಗವನ್ನು ನಿಜವಾದ ಅಳತೆಯಲ್ಲೇ ಇಬ್ಬರೂ ಸೇರಿ ಬರೆದೆವು. ಆಕ್ಸಲ್, ಚಕ್ರ ಎಡ ಬಲ ತಿರುಗುವ ಗೂಟಗಳಾದ ಕಿಂಗ್‌ಪಿನ್‌ಗಳು, ಬಾಕ್ಸ್‌ನಿಂದ ಹೊರಬಂದು ಡ್ರ್ಯಾಗ್ ಲಿಂಕನ್ನು ತಳ್ಳುವ ಪಿಟ್‌ಮನ್ ಆರ್ಮ್. ಡ್ರ್ಯಾಗ್ ಲಿಂಕ್‌ಗೆ 85 ಸೆಂ.ಮೀ. ದಾರ. ಪ್ಯಾನಾರ್ಡ್ ಬಾರ್‌ಗೆ 42 ಸೆಂ.ಮೀ. ದಾರ. ಒಂದು ತುದಿಯನ್ನು ಅವಳು ಹೆಬ್ಬೆರಳಿನಿಂದ ಒತ್ತಿ ಹಿಡಿದಳು, ಇನ್ನೊಂದು ತುದಿಗೆ ಸೀಮೆಸುಣ್ಣ ಕಟ್ಟಿ ನಾನು ಕಂಸ ಎಳೆದೆ.

ಎರಡು ಕಂಸಗಳು ಬೆನ್ನು ತಿರುಗಿಸಿ ನಿಂತಿದ್ದವು. ಒಂದು ಈ ಕಡೆ ಬಾಗಿದೆ, ಇನ್ನೊಂದು ಆ ಕಡೆ.

"ಅಪ್ಪಾ, ಎರಡು ಕೈವಾರದ ಮುಳ್ಳು ಬೇರೆ ಬೇರೆ ಕಡೆ ಚುಚ್ಚಿದ್ದೀವಲ್ಲ" ಅಂದಳು.

ವಿಷಯ ಇದ್ದದ್ದು ಅಷ್ಟರಲ್ಲೇ. ಡ್ರ್ಯಾಗ್ ಲಿಂಕ್‌ನ ಮುಳ್ಳು ಚಾಲಕನ ಕಡೆ, ಬಾಕ್ಸ್‌ನಲ್ಲಿ. ಚಕ್ರ ಮೇಲೆ ಬಂದಾಗ ಅದರ ಆಚೆ ತುದಿ ಚಾಲಕನ ಕಡೆಗೆ ಸರಿಯುತ್ತದೆ. ಪ್ಯಾನಾರ್ಡ್ ಬಾರ್‌ನ ಮುಳ್ಳನ್ನು ನಾನು ಆಚೆ ಕಡೆ ಚುಚ್ಚಿದ್ದೆ. ಚಕ್ರ ಮೇಲೆ ಬಂದಾಗ ಅದು ಆಕ್ಸಲನ್ನು ಆಚೆ ಕಡೆಗೆ ಎಳೆಯುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ನಡುವೆ ಸಿಕ್ಕ ಸ್ಟೀರಿಂಗ್ ಆರ್ಮ್ ತಿರುಗದೆ ಇನ್ನೇನು ಮಾಡೀತು?

ಲೆಕ್ಕ ಹಾಕಿದೆವು. ಮಟ್ಟವಾಗಿರುವ ಸರಳಿನ ತುದಿ ಮೇಲೆ ಹೋದಾಗ ಎಷ್ಟು ಪಕ್ಕಕ್ಕೆ ಸರಿಯುತ್ತದೆ ಅನ್ನುವುದಕ್ಕೆ ಸುಲಭ ದಾರಿ ಇದೆ. ಮೇಲೆ ಹೋದ ಅಳತೆಯ ವರ್ಗವನ್ನು ಸರಳಿನ ಉದ್ದದ ಎರಡರಷ್ಟರಿಂದ ಭಾಗಿಸಿದರೆ ಹತ್ತಿರದ ಉತ್ತರ ಸಿಗುತ್ತದೆ. ಚಕ್ರ 50 ಮಿ.ಮೀ. ಮೇಲೆ ಬಂದರೆ ಡ್ರ್ಯಾಗ್ ಲಿಂಕ್ ತುದಿ ಸುಮಾರು 1.5 ಮಿ.ಮೀ. ಈ ಕಡೆ. ಪ್ಯಾನಾರ್ಡ್ ಬಾರ್ ಗಿಡ್ಡ, ಹಾಗಾಗಿ ಅದು ಆಕ್ಸಲನ್ನು 3 ಮಿ.ಮೀ. ಆ ಕಡೆ. ಒಟ್ಟು ಜಗಳ 4.5 ಮಿ.ಮೀ. ನನ್ನ ಸ್ಟೀರಿಂಗ್ ಆರ್ಮ್ ಉದ್ದ 140 ಮಿ.ಮೀ. ಅಂದರೆ ಚಕ್ರ ಎರಡು ಡಿಗ್ರಿಗೆ ಹತ್ತಿರ ತಾನಾಗಿ ತಿರುಗುತ್ತದೆ. ನೂರು ಮೀಟರ್ ದೂರದಲ್ಲಿ ಎರಡು ಡಿಗ್ರಿ ಅಂದರೆ ಮೂರೂವರೆ ಮೀಟರ್ ಪಕ್ಕಕ್ಕೆ. ಪಕ್ಕದ ಲೇನಿನಲ್ಲಿ ಯಾರೋ ತಮ್ಮ ಮಕ್ಕಳನ್ನು ಕೂರಿಸಿಕೊಂಡು ಹೋಗುತ್ತಿರುತ್ತಾರೆ. ಆ ಲೆಕ್ಕ ನೋಡಿ ನನಗೆ ನಿಜವಾಗಿಯೂ ಕೈಕಾಲು ತಣ್ಣಗಾಯಿತು.

ಹೊಸದಾಗಿ ಬರೆದೆವು. ಈಗ ಎರಡೂ ಮುಳ್ಳು ಚಾಲಕನ ಕಡೆ. ಪ್ಯಾನಾರ್ಡ್ ಬಾರ್ 70 ಸೆಂ.ಮೀ., ಜಾಗ ಬಿಟ್ಟಷ್ಟು ಉದ್ದ. ಡ್ರ್ಯಾಗ್ ಲಿಂಕ್ ಜೊತೆ ಸಮಾನಾಂತರ. ಈಗ 50 ಮಿ.ಮೀ.ಗೆ ಒಂದು 1.5 ಸರಿಯುತ್ತದೆ, ಇನ್ನೊಂದು 1.8. ಎರಡೂ ಒಂದೇ ಕಡೆಗೆ. ಜಗಳ 0.3 ಮಿ.ಮೀ. ಮಾತ್ರ. ಆಕ್ಸಲ್ ಸ್ವಲ್ಪ ಪಕ್ಕಕ್ಕೆ ಹೋಗುತ್ತದೆ, ನಿಜ. ಆದರೆ ಸ್ಟೀರಿಂಗ್ ಅದರ ಜೊತೆಗೇ ಹೋಗುತ್ತದೆ. ಚಕ್ರಕ್ಕೆ ಗೊತ್ತೂ ಆಗುವುದಿಲ್ಲ.

ಸಮಾನಾಂತರ ಅನ್ನುವುದನ್ನು ಇನ್ನೊಮ್ಮೆ ಹೇಳಬೇಕು, ಯಾಕೆಂದರೆ ಇಲ್ಲಿ ತುಂಬಾ ಜನ ಎಡವುತ್ತಾರೆ. ಎರಡೂ ಸರಳು ಮಟ್ಟವಾಗಿದ್ದರೆ ಸರಿಯುವುದು ಒಂದೆರಡು ಮಿ.ಮೀ. ಒಂದು ಮಾತ್ರ ಓರೆಯಾಗಿದ್ದರೆ ಕಥೆ ಬೇರೆ. ಹತ್ತು ಡಿಗ್ರಿ ಓರೆ ಇರುವ ಲಿಂಕ್ ಅದೇ 50 ಮಿ.ಮೀ.ಗೆ 8 ಮಿ.ಮೀ.ಗಿಂತ ಜಾಸ್ತಿ ಸರಿಯುತ್ತದೆ. ಎರಡೂ ಒಂದೇ ಓರೆಯಲ್ಲಿದ್ದರೆ ಪರವಾಗಿಲ್ಲ, ಜೊತೆಯಾಗಿ ಸರಿಯುತ್ತವೆ. ಉದ್ದಕ್ಕಿಂತ ಓರೆಯೇ ದೊಡ್ಡ ವಿಷಯ. ಆಚೆ ಕಡೆಯ ಚಕ್ರದ ಆರ್ಮ್ ಎತ್ತರದಲ್ಲಿದ್ದು ಬಾಕ್ಸ್ ತಗ್ಗಿನಲ್ಲಿದ್ದರೆ ಬಾಕ್ಸ್ ಜಾಗ ಬದಲಾಯಿಸಿ. ಕಷ್ಟದ ಕೆಲಸ. ಆದರೂ ಬದಲಾಯಿಸಿ.

ಬರೆದದ್ದನ್ನು ನಂಬಿ ಸುಮ್ನೆ ಕೂರಲಿಲ್ಲ. ಹೊಸ ಬ್ರಾಕೆಟ್‌ಗಳು ಬಂದ ಮೇಲೆ ಸ್ಪ್ರಿಂಗ್ ಬಿಚ್ಚಿ, ಚಾಸಿಯನ್ನು ಅದರ ನಿಜವಾದ ಎತ್ತರಕ್ಕೆ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಆಕ್ಸಲನ್ನು ಜಾಕ್‌ನಿಂದ 10 ಮಿ.ಮೀ. 10 ಮಿ.ಮೀ. ಏರಿಸಿದೆ. ಸ್ಟೀರಿಂಗ್ ವೀಲನ್ನು ಹಗ್ಗದಿಂದ ಕಟ್ಟಿದ್ದೆ. ಚಕ್ರದ ಜಾಗದಲ್ಲಿ ನೇರವಾದ ಹಲಗೆ. ಹಲಗೆಯ ಮುಂತುದಿ, ಹಿಂತುದಿ ಎರಡಕ್ಕೂ ಒಂದು ನೇರ ಗೆರೆಯಿಂದ ಇರುವ ದೂರವನ್ನು ಪ್ರತಿ ಹೆಜ್ಜೆಗೂ ನಾನು ಅಳೆದು ಕೂಗಿದೆ, ಮಗಳು ನೋಟ್‌ಬುಕ್‌ನಲ್ಲಿ ಬರೆದಳು. ಎರಡೂ ಅಂಕಿ ಜೊತೆಜೊತೆಯಾಗಿ ಬದಲಾದರೆ ಆಕ್ಸಲ್ ಸರಿಯುತ್ತಿದೆ ಅಷ್ಟೇ. ಅವುಗಳ ನಡುವಿನ ವ್ಯತ್ಯಾಸ ಬದಲಾದರೆ ಚಕ್ರ ತಿರುಗುತ್ತಿದೆ. 70 ಮಿ.ಮೀ. ಮೇಲೆ, 70 ಮಿ.ಮೀ. ಕೆಳಗೆ. ವ್ಯತ್ಯಾಸ ಒಂದು ಮಿ.ಮೀ. ದಾಟಲಿಲ್ಲ. ಆ ಪುಟ ಇನ್ನೂ ನನ್ನ ಹತ್ತಿರ ಇದೆ, ಗ್ರೀಸ್ ಕಲೆ ಸಮೇತ.

ಇಷ್ಟಾದರೂ ಕಾರು ನೇರ ದಾರಿಯಲ್ಲಿ ಸ್ವಲ್ಪ ಅಲೆಯುತ್ತಿತ್ತು. ನುಗ್ಗುವುದಿಲ್ಲ, ಹಾರುವುದಿಲ್ಲ. ಆದರೆ ಬಿಡುವಿಲ್ಲದೆ ಸಣ್ಣಸಣ್ಣದಾಗಿ ತಿದ್ದುತ್ತಾ ಇರಬೇಕು. ಇದು ಕ್ಯಾಸ್ಟರ್, ಅಂದರೆ ಕಿಂಗ್‌ಪಿನ್‌ನ ಹಿಂಬಾಗು, ಕಡಿಮೆಯಾದ ಲಕ್ಷಣ. ಸೈಕಲ್‌ನ ಮುಂದಿನ ಫೋರ್ಕ್ ನೋಡಿ, ಮೇಲ್ಭಾಗ ಸವಾರನ ಕಡೆಗೆ ಬಾಗಿರುತ್ತದೆ. ಆ ಗೆರೆಯನ್ನು ನೆಲದ ತನಕ ಎಳೆದರೆ ಅದು ಟೈರ್ ನೆಲ ಮುಟ್ಟುವ ಜಾಗಕ್ಕಿಂತ ಮುಂದೆ ಬೀಳುತ್ತದೆ. ಟೈರ್ ಆ ಗೆರೆಯ ಹಿಂದೆ ಎಳೆಸಿಕೊಂಡು ಬರುತ್ತದೆ, ಹಾಗಾಗಿ ನೇರಕ್ಕೆ ನಿಲ್ಲುತ್ತದೆ. ಕೈ ಬಿಟ್ಟರೂ ಸೈಕಲ್ ನೇರ ಹೋಗಲು ಇದೂ ಒಂದು ಕಾರಣ. ಕಾರಿನಲ್ಲಿ ಕಿಂಗ್‌ಪಿನ್‌ಗೂ ಅದೇ ಬಾಗು ಬೇಕು. ಇಂಥ ಒಂಟಿ ಆಕ್ಸಲ್ ಗಾಡಿಗಳಿಗೆ 5ರಿಂದ 7 ಡಿಗ್ರಿ ಹಿತ.

ನಾನು 6 ಡಿಗ್ರಿ ಇಟ್ಟಿದ್ದೆ. ಅಳೆದೇ ಇಟ್ಟಿದ್ದೆ. ಈಗ ಅಳೆದರೆ 3. ಎಲ್ಲಿ ಹೋಯಿತು ಉಳಿದದ್ದು? ತುಂಬಾ ಹೊತ್ತು ಯೋಚಿಸಿದ ಮೇಲೆ ಹೊಳೆಯಿತು. ನಾನು ಅಳೆದಿದ್ದು ಬರೀ ಚಾಸಿ ಸ್ಟ್ಯಾಂಡ್ ಮೇಲೆ ಮಟ್ಟವಾಗಿ ಕೂತಿದ್ದಾಗ. ಆಮೇಲೆ ಹಿಂದೆ ಎತ್ತರದ ಟೈರ್ ಬಂತು, ಮುಂದೆ ಗಿಡ್ಡ ಟೈರ್ ಬಂತು, ಎಂಜಿನ್ ಭಾರ ಕೂತಿತು. ಹಾಟ್ ರಾಡ್‌ಗೆ ಮೂತಿ ತಗ್ಗಿಸಿ ನಿಂತ ಆ ಭಂಗಿಯೇ ಚಂದ, ನನಗೂ ಅದೇ ಇಷ್ಟ. ಆದರೆ ಚಾಸಿ ಮುಂದಕ್ಕೆ ಮೂರು ಡಿಗ್ರಿ ಬಾಗಿದರೆ ಕಿಂಗ್‌ಪಿನ್ ಕೂಡ ಅದರ ಜೊತೆ ಮೂರು ಡಿಗ್ರಿ ಮುಂದಕ್ಕೆ ಬಾಗುತ್ತದೆ. ಭಂಗಿಗೆ ಕೊಟ್ಟ ಬೆಲೆ ಅದು.

ಆಕ್ಸಲನ್ನು ಚಾಸಿಗೆ ಹಿಡಿದಿರುವ, ಕೂದಲ ಪಿನ್ನಿನ ಆಕಾರದ ಹೇರ್‌ಪಿನ್ ರಾಡ್‌ಗಳ ತುದಿಯಲ್ಲಿ ಥ್ರೆಡ್ ಇರುವ ಕವಲು ಕೊಂಡಿಗಳಿವೆ, ಅವೇ ಕ್ಲೆವಿಸ್. ಮೇಲಿನದ್ದನ್ನು ಒಳಕ್ಕೆ, ಕೆಳಗಿನದ್ದನ್ನು ಹೊರಕ್ಕೆ ತಿರುಗಿಸಿದರೆ ಆಕ್ಸಲ್ ಹಿಂದಕ್ಕೆ ಬಾಗುತ್ತದೆ. ಎರಡೂ ಕಡೆ ಸಮ ಇರಬೇಕು, ಇಲ್ಲದಿದ್ದರೆ ಆಕ್ಸಲ್ ತಿರುಚಿಕೊಂಡು ಕೂರುತ್ತದೆ. ಅಂದ ಹಾಗೆ, ಹೇರ್‌ಪಿನ್ ಹಾಕುವವರು ಐ-ಬೀಮ್ ಆಕ್ಸಲ್ ಹಾಕಬೇಕು. ಒಂದು ಚಕ್ರ ಮಾತ್ರ ಏರಿದಾಗ ಆಕ್ಸಲ್ ತಿರುಚಿಕೊಳ್ಳಲೇಬೇಕು, ಐ-ಬೀಮ್ ಅದನ್ನು ತಾಳಿಕೊಳ್ಳುತ್ತದೆ. ಕೊಳವೆ ಆಕ್ಸಲ್ ತಿರುಚಿಕೊಳ್ಳುವುದಿಲ್ಲ, ಆ ಬಲವೆಲ್ಲ ಬ್ರಾಕೆಟ್‌ಗಳ ಮೇಲೆ ಬೀಳುತ್ತದೆ. ಅದಕ್ಕೆ ನಾಲ್ಕು ಸರಳಿನ ಜೋಡಣೆಯೇ ಸರಿ. ನಾನು ಆರೂವರೆ ಡಿಗ್ರಿಗೆ ನಿಲ್ಲಿಸಿದೆ. ನಿಂತ ಜಾಗದಲ್ಲಿ ವೀಲ್ ತಿರುಗಿಸುವುದು ಸ್ವಲ್ಪ ಭಾರವಾಯಿತು. ಓಡುವಾಗ ಮಾತ್ರ ಕಾರು ದಾರಿ ಹಿಡಿಯಿತು. ತಿರುವಿನಿಂದ ಹೊರಬರುವಾಗ ವೀಲ್ ನನ್ನ ಅಂಗೈಯೊಳಗೆ ತಾನಾಗಿ ಹಿಂದಿರುಗಿದ್ದು ಆವತ್ತೇ ಮೊದಲು.

ಕ್ಯಾಸ್ಟರ್ ಬದಲಾದರೆ ಸ್ಟೀರಿಂಗ್ ಆರ್ಮ್‌ನ ಎತ್ತರವೂ ಬದಲಾಗುತ್ತದೆ. ಅಂದರೆ ಡ್ರ್ಯಾಗ್ ಲಿಂಕ್‌ನ ಓರೆಯನ್ನು ಮತ್ತೆ ಅಳೆಯಬೇಕು. ಮಾಡಿದೆವು. ಅದಕ್ಕೇ ಈಗ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದು: ಟೈರ್, ಎಂಜಿನ್, ಬಾಡಿ ಎಲ್ಲ ಕೂತು ಗಾಡಿ ತನ್ನ ಕಾಲ ಮೇಲೆ ನಿಲ್ಲುವ ತನಕ ಸ್ಟೀರಿಂಗ್‌ನ ಕೊನೆಯ ಬ್ರಾಕೆಟ್ ಪೂರ್ತಿ ವೆಲ್ಡ್ ಮಾಡಬೇಡಿ, ಸದ್ಯಕ್ಕೆ ನಿಲ್ಲುವಷ್ಟು ಚುಕ್ಕಿ ವೆಲ್ಡ್ ಹಾಕಿ ಬಿಡಿ ಸಾಕು. ಆಮೇಲೆ ಕ್ಯಾಸ್ಟರ್. ಆಮೇಲೆ ಬಾಕ್ಸ್‌ನ ನಡು. ಆಮೇಲೆ ಲಿಂಕ್ ಮತ್ತು ಪ್ಯಾನಾರ್ಡ್ ಬಾರ್. ಟೋ-ಇನ್ ಎಲ್ಲಕ್ಕಿಂತ ಕೊನೆ. ಚಕ್ರಗಳ ಮುಂಭಾಗ ಹಿಂಭಾಗಕ್ಕಿಂತ ಒಂದೂವರೆಯಿಂದ ಮೂರು ಮಿ.ಮೀ. ಹತ್ತಿರ ಇದ್ದರೆ ಸಾಕು. ನಾನು ಶುರು ಮಾಡಿದ್ದೇ ಟೋ-ಇನ್‌ನಿಂದ.

ಇನ್ನೊಂದು ತೊಂದರೆ ಇತ್ತು, ಅದು ಬೇಗ ಬಗೆಹರಿಯಿತು. ವೀಲ್ ತಿರುಗಿಸುವಾಗ ಒಂದು ಸುತ್ತಿನಲ್ಲಿ ಎರಡು ಸಲ ಭಾರ, ಎರಡು ಸಲ ಹಗುರ. ವೀಲಿನಿಂದ ಬಾಕ್ಸ್‌ಗೆ ಹೋಗುವ ಸ್ಟೀರಿಂಗ್ ಶಾಫ್ಟ್‌ನಲ್ಲಿ ಎರಡು ಯೂನಿವರ್ಸಲ್ ಜಾಯಿಂಟ್‌ಗಳಿವೆ, ಅಂದರೆ ಬಾಗಿಕೊಂಡೇ ತಿರುಗುವ ಕೀಲುಗಳು. ಒಂದು ಜಾಯಿಂಟ್ 30 ಡಿಗ್ರಿ ಬಾಗಿದ್ದರೆ, ಇತ್ತ ಸಮವಾಗಿ ತಿರುಗಿಸಿದರೂ ಅತ್ತ ಒಂದು ಸುತ್ತಿನಲ್ಲಿ ಎರಡು ಸಲ ವೇಗವಾಗಿ, ಎರಡು ಸಲ ನಿಧಾನವಾಗಿ ತಿರುಗುತ್ತದೆ. ವ್ಯತ್ಯಾಸ ಶೇಕಡ 13ರಿಂದ 15ರಷ್ಟು. ಎರಡನೇ ಜಾಯಿಂಟ್ ಅಷ್ಟೇ ಕೋನದಲ್ಲಿದ್ದು, ನಡುವಿನ ತುಂಡಿನ ಎರಡೂ ಕವಲುಗಳು ಒಂದೇ ಗೆರೆಯಲ್ಲಿದ್ದರೆ ಒಂದರ ತಪ್ಪನ್ನು ಇನ್ನೊಂದು ಅಳಿಸುತ್ತದೆ. ನನ್ನ ಕವಲುಗಳು ಅಡ್ಡಡ್ಡ ಇದ್ದವು. ಬಿಚ್ಚಿ, ತಿರುಗಿಸಿ, ಹಾಕಿದೆ. ಜಾಯಿಂಟ್ ಮೂರಾದರೆ ನಡುವೆ ಒಂದು ಬೇರಿಂಗ್ ಆಸರೆ ಬೇಕೇ ಬೇಕು, ಇಲ್ಲದಿದ್ದರೆ ಶಾಫ್ಟ್ ಹಗ್ಗದ ಹಾಗೆ ಕುಣಿಯುತ್ತದೆ. ಈ ಬಾಗುಗಳಿಂದ ಇನ್ನೊಂದು ದೊಡ್ಡ ಉಪಕಾರ ಇದೆ. ಬಾಕ್ಸ್ ಇರುವುದು ಕಾರಿನ ಮೂತಿಯ ಹತ್ತಿರ. ಶಾಫ್ಟ್ ನೇರವಾಗಿದ್ದರೆ, ಮುಂದೆ ಏನಾದರೂ ಬಡಿದಾಗ ಅದು ಈಟಿಯ ಹಾಗೆ ಎದೆಗೆ ಬರುತ್ತದೆ. ಬಾಗು ಇದ್ದರೆ ಅಲ್ಲೇ ಮಡಚಿಕೊಳ್ಳುವ ಅವಕಾಶ ಇರುತ್ತದೆ.

ಟೈ ರಾಡ್ ಆಕ್ಸಲ್‌ನ ಹಿಂದೆಯೇ ಇರಲಿ ಅಂತ ನಾನು ಹಟ ಹಿಡಿದದ್ದಕ್ಕೂ ಕಾರಣ ಇದೆ. ಮುಂದೆ ಹಾಕಿದ್ದರೆ ಜಾಗ ಸುಲಭವಾಗಿ ಸಿಗುತ್ತಿತ್ತು. ಆದರೆ ತಿರುವಿನಲ್ಲಿ ಒಳಗಿನ ಚಕ್ರ ಹೊರಗಿನದಕ್ಕಿಂತ ಜಾಸ್ತಿ ತಿರುಗಬೇಕು, ಯಾಕೆಂದರೆ ಅದು ಓಡುವ ವೃತ್ತ ಚಿಕ್ಕದು. ಮ್ಯೂನಿಕ್‌ನಲ್ಲಿ ಕುದುರೆ ಗಾಡಿ ಕಟ್ಟುತ್ತಿದ್ದ ಗಿಯೋರ್ಗ್ ಲಾಂಕೆನ್ಸ್‌ಪರ್ಗರ್ ಇದಕ್ಕೆ ಒಂದು ಜೋಡಣೆ ಕಂಡುಹಿಡಿದ. ಅವನ ಪರವಾಗಿ ಲಂಡನ್‌ನಲ್ಲಿ 1818ರಲ್ಲಿ ಪೇಟೆಂಟ್ ತೆಗೆದುಕೊಂಡವನು ರುಡಾಲ್ಫ್ ಆಕರ್‌ಮನ್. ಹೆಸರು ಉಳಿದದ್ದು ಆಕರ್‌ಮನ್‌ನದು, ಕೆಲಸ ಲಾಂಕೆನ್ಸ್‌ಪರ್ಗರ್‌ನದು. ಅದಕ್ಕೇ ಇಲ್ಲಿ ಅವನ ಹೆಸರನ್ನು ಪೂರ್ತಿ ಬರೆಯಬೇಕು ಅನ್ನಿಸಿತು. ಕಿಂಗ್‌ಪಿನ್‌ನಿಂದ ಟೈ ರಾಡ್ ತುದಿಯ ಮೂಲಕ ಎಳೆದ ಗೆರೆಗಳು ಹಿಂದಿನ ಆಕ್ಸಲ್‌ನ ನಡುವಿನ ಹತ್ತಿರ ಸೇರಬೇಕು. ಹಿಂದಕ್ಕೆ ಒಳಬಾಗಿದ ಆರ್ಮ್‌ಗಳನ್ನು ಹಾಗೇ ಮುಂದಕ್ಕೆ ತಿರುಗಿಸಿದರೆ ಲೆಕ್ಕ ಉಲ್ಟಾ ಆಗಿ ತಿರುವಿನಲ್ಲಿ ಟೈರ್ ಕೀರಲು ಶುರು ಮಾಡುತ್ತದೆ.

ಕೆಲವರು ಸ್ಟೀರಿಂಗ್ ಡ್ಯಾಂಪರ್ ಹಾಕು, ಎಲ್ಲ ಸರಿಹೋಗುತ್ತದೆ ಅಂದರು. ಡ್ಯಾಂಪರ್ ಕೆಟ್ಟದ್ದಲ್ಲ. ಚಕ್ರ ನಡುಗುವುದನ್ನು ಅದು ತಡೆಯುತ್ತದೆ. ಆದರೆ ಮೊದಲ ದಿನವೇ ನಾನು ಅದನ್ನು ಹಾಕಿದ್ದರೆ ತೂಗುವ ಚಾಸಿ, ಜಗಳವಾಡುವ ಕಂಸಗಳು, ಕಳೆದುಹೋದ ಮೂರು ಡಿಗ್ರಿ ಎಲ್ಲ ಅದರ ಅಡಿಯಲ್ಲಿ ಮುಚ್ಚಿಹೋಗುತ್ತಿದ್ದವು. ಹುಣ್ಣಿನ ಮೇಲೆ ಬಟ್ಟೆ ಕಟ್ಟಿದ ಹಾಗೆ. ನನ್ನ ಕಾರಿನಲ್ಲಿ ಈಗಲೂ ಡ್ಯಾಂಪರ್ ಇಲ್ಲ, ಬೇಕಾಗಿಲ್ಲ.

ಕೊನೆಗೆ ನಟ್‌ಗಳು. ಇದರ ಬಗ್ಗೆ ನಾನು ಯಾರ ಹತ್ತಿರವೂ ರಾಜಿ ಮಾತಾಡುವುದಿಲ್ಲ. ಎಂಜಿನ್ ನಿಂತರೆ ಕಾರು ನಿಲ್ಲುತ್ತದೆ. ಸ್ಟೀರಿಂಗ್‌ನ ಒಂದು ಬೋಲ್ಟ್ ಬಿದ್ದರೆ ಕಾರು ನಿಲ್ಲುವುದಿಲ್ಲ, ಎಲ್ಲಿಗೆ ಹೋಗಬೇಕು ಅಂತ ಹೇಳುವವರು ಇರುವುದಿಲ್ಲ, ಅಷ್ಟೇ. ಬಾಲ್ ಜಾಯಿಂಟ್‌ಗಳಿಗೆಲ್ಲ ತಲೆಯಲ್ಲಿ ಕಚ್ಚುಗಳಿರುವ ಕ್ಯಾಸಲ್ ನಟ್, ಅದು ತಿರುಗದ ಹಾಗೆ ಆ ಕಚ್ಚಿನಲ್ಲಿ ತೂರಿಸುವ ಹೊಸ ಕಾಟರ್ ಪಿನ್. ಬಿಚ್ಚಿದ ಪಿನ್ ಮತ್ತೆ ಹಾಕುವ ಹಾಗಿಲ್ಲ. ರಾಡ್ ಎಂಡ್ (ಸರಳಿನ ತುದಿಯ ಬಳೆಯೊಳಗೆ ಚೆಂಡು ಕೂತ ಕೀಲು) ಇರುವ ಕಡೆ ಅದರ ಚೆಂಡಿಗಿಂತ ದೊಡ್ಡ ವಾಷರ್, ಅದು ಸವೆದು ಕಳಚಿದರೂ ಸರಳು ಬೋಲ್ಟಿನಿಂದ ಈಚೆ ಬರದ ಹಾಗೆ. ಥ್ರೆಡ್ ಒಳಗೆ ಹೋದ ಉದ್ದ ಬೋಲ್ಟ್‌ನ ದಪ್ಪದ ಒಂದೂವರೆ ಪಟ್ಟಾದರೂ ಇರಬೇಕು. ಸ್ಟೀರಿಂಗ್ ಆರ್ಮ್‌ಗೆ ವೆಲ್ಡಿಂಗ್ ಮುಟ್ಟಿಸಲಿಲ್ಲ, ಬೇಕಾದ ಆಕಾರದ ಫೋರ್ಜ್ ಮಾಡಿದ ಆರ್ಮ್ ಸಿಗುವ ತನಕ ಕಾದೆ.

ಎಲ್ಲ ಬಿಗಿದ ಮೇಲೆ ಪ್ರತಿ ನಟ್‌ನ ಮೇಲೆ, ಅದರಿಂದ ಪಕ್ಕದ ಲೋಹದ ತನಕ, ಹಳದಿ ಪೇಂಟ್‌ನಲ್ಲಿ ಒಂದು ತೆಳು ಗೆರೆ ಎಳೆದೆವು. ನಟ್ ಕೂದಲಿನಷ್ಟು ತಿರುಗಿದರೂ ಗೆರೆ ಮುರಿದು ಕಾಣುತ್ತದೆ. ಸ್ಟೀರಿಂಗ್‌ಗೆ ಸೇರಿದ್ದು ಒಟ್ಟು ಇಪ್ಪತ್ತೆರಡು ನಟ್. ಮಗಳು ಒಂದೊಂದಕ್ಕೂ ಸಂಖ್ಯೆ ಕೊಟ್ಟು ಪಟ್ಟಿ ಮಾಡಿದಳು.

ಆಮೇಲೆ ನೂರು ಕಿ.ಮೀ. ಓಡಿಸಿದೆ, ಒಬ್ಬನೇ. ಮೊದಲು 40ರಲ್ಲಿ, ಆಮೇಲೆ 60, 80. ಒಂದು ಕಡೆ ದಾರಿ ಚೆನ್ನಾಗಿ ಕಿತ್ತುಹೋಗಿತ್ತು. ಚಕ್ರಗಳು ಮೇಲೆ ಕೆಳಗೆ ಕುಣಿಯುತ್ತಿದ್ದವು. ತಗ್ಗಿತಗ್ಗಿ ಏಳುವ ಆಕ್ಸಲ್ ಕಣ್ಣೆದುರೇ ಕಾಣುತ್ತದೆ, ಈ ಗಾಡಿಗೆ ಮುಂದೆ ಮಡ್‌ಗಾರ್ಡ್ ಇಲ್ಲವಲ್ಲ. ವೀಲ್ ನನ್ನ ಕೈಯಲ್ಲಿ ಸುಮ್ಮನೆ ಇತ್ತು. ನೆಲದ ಒರಟು ಬೆರಳಿಗೆ ಗೊತ್ತಾಗುತ್ತಿತ್ತು, ದಾರಿ ಮಾತ್ರ ತಪ್ಪುತ್ತಿರಲಿಲ್ಲ.

ಶೆಡ್ಡಿಗೆ ಬಂದು ಸ್ಟ್ಯಾಂಡ್ ಮೇಲೆ ನಿಲ್ಲಿಸಿದೆ. ಟಾರ್ಚ್ ಹಿಡಿದು ಅಡಿಗೆ ಹೋದೆ. ಮಗಳು ಪಟ್ಟಿ ಹಿಡಿದು ಪಕ್ಕದಲ್ಲಿ ಕೂತಳು. ಅವಳು ಸಂಖ್ಯೆ ಕೂಗುತ್ತಾಳೆ, ನಾನು ನೋಡಿ "ಸರಿ" ಅನ್ನುತ್ತೇನೆ. ಒಂದು, ಎರಡು, ಮೂರು. ಹದಿನೇಳನೆಯದು ಟೈ ರಾಡ್‌ನ ಲಾಕ್ ನಟ್. ಅದರ ಗೆರೆ ಮುರಿದಿತ್ತು. ಒಂದು ಮಿ.ಮೀ. ಕೂಡ ಇಲ್ಲ, ಆದರೆ ಮುರಿದಿತ್ತು. ಟೋ-ಇನ್ ಮತ್ತೆ ಅಳೆದೆವು, ಬದಲಾಗಿರಲಿಲ್ಲ. ನಟ್ ಬಿಗಿದು, ಹಳೇ ಪೇಂಟ್ ಕೆರೆದು, ಹೊಸ ಗೆರೆ ಎಳೆದೆ. ಉಳಿದ ಐದೂ ಸರಿಯಿದ್ದವು. ಅವಳು ಹದಿನೇಳರ ಮುಂದೆ ತಾರೀಕು ಬರೆದು, ಅದರ ಕೆಳಗೆ "ಮತ್ತೆ 50 ಕಿ.ಮೀ. ಆದ ಮೇಲೆ ನೋಡಬೇಕು" ಅಂತ ಬರೆದಳು.